ಆ ಹುಡುಗಿಯನ್ನು ಪ್ರಯೋಗದ ಮೇಜಿಗೆ ಕರೆಯಿರಿ

ಪ್ರಿಯ ಮೇಡಂ,

ವಿರಾಜಪೇಟೆ ಕಡೆಯಿಂದ ನೀವು ಬರೆದ ಪತ್ರ ಓದಿದೆ. ನಿಮ್ಮ ಎಂಟನೇ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿ ಒಬ್ಬಳಿದ್ದಾಳೆ, ಕಿವಿ ಸರಿಯಾಗಿ ಕೇಳದ ಹುಡುಗನೂ ಇದ್ದಾನೆ. ಪ್ರಯೋಗದ ದಿನ ಅವಳು ಸುಮ್ನೆ ಬೆಂಚಿನಲ್ಲಿ ಕೂತಿರುತ್ತಾಳೆ, ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದರೆ ಸಾಕು ಅಂತ ಜೊತೆಯ ಶಿಕ್ಷಕರು ಹೇಳುತ್ತಾರೆ, ನಾನೇನು ಮಾಡಲಿ ಅಂತ ಕೇಳಿದ್ದೀರಿ.

ಸಾಲದು ಮೇಡಂ. ಬಾಯಿಪಾಠದಿಂದ ಅಂಕ ಬರಬಹುದು, ವಿಜ್ಞಾನ ಬರುವುದಿಲ್ಲ. ಗೀರಟ್ ವರ್ಮೇ ಎಂಬ ಜೀವವಿಜ್ಞಾನಿಗೆ ಮೂರನೇ ವಯಸ್ಸಿಗೇ ಕಣ್ಣು ಹೋಯಿತು. ಅವರು ಸಮುದ್ರದ ಚಿಪ್ಪುಗಳನ್ನು ಬೆರಳಲ್ಲೇ ಮುಟ್ಟಿ ನೋಡಿ, ಏಡಿಯಂಥ ಶತ್ರುಗಳ ಕಾಟಕ್ಕೆ ಆ ಚಿಪ್ಪುಗಳು ಕಾಲ ಕಳೆದ ಹಾಗೆ ಹೇಗೆ ಬದಲಾದವು ಅಂತ ಜಗತ್ತಿಗೆ ತಿಳಿಸಿಕೊಟ್ಟರು.

ನಿಮ್ಮ ಸುತ್ತ ಕಾಫಿ ತೋಟವೇ ಇದೆ ಅಲ್ವಾ? ರೊಬಸ್ಟಾ ಎಲೆ ದೊಡ್ಡದು, ಅರೇಬಿಕಾದ್ದು ಸಣ್ಣದು. ಬೀಜದಲ್ಲೂ ಅರೇಬಿಕಾ ಸ್ವಲ್ಪ ಉದ್ದ, ರೊಬಸ್ಟಾ ಗುಂಡಗೆ. ಎರಡನ್ನೂ ಅವಳ ಕೈಗೆ ಕೊಡಿ, ಉಳಿದ ಮಕ್ಕಳೂ ಬೆರಳಲ್ಲೇ ಗುರುತಿಸಲಿ.

ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಲಿಟ್ಮಸ್‌ನ ಬಣ್ಣವೇ ಬೇಕು ಅಂತಿಲ್ಲ. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲೇ ಒಂದು ಚಂದದ ಪ್ರಯೋಗ ಇದೆ, ಯಾಕೋ ಜಾಸ್ತಿ ಜನ ಮಾಡಿಸುವುದಿಲ್ಲ. ಹೆಚ್ಚಿದ ಈರುಳ್ಳಿ ಜೊತೆ ಬಟ್ಟೆ ಚೂರುಗಳನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಮರುದಿನ ಒಂದು ಚೂರಿಗೆ ತೆಳು ಆಮ್ಲ, ಇನ್ನೊಂದಕ್ಕೆ ತೆಳು ಸೋಡಿಯಂ ಹೈಡ್ರಾಕ್ಸೈಡ್ ನೀವೇ ಹಾಕಿ, ನೀರಲ್ಲಿ ಚೆನ್ನಾಗಿ ತೊಳೆದು ಮೂಸಲು ಕೊಡಿ. ಪ್ರತ್ಯಾಮ್ಲ ಬಿದ್ದ ಬಟ್ಟೆಯಲ್ಲಿ ಈರುಳ್ಳಿ ವಾಸನೆ ಇರುವುದಿಲ್ಲ. ಈ ಪ್ರಯೋಗದಲ್ಲಿ ಅವಳು ಯಾರಿಗೂ ಕಮ್ಮಿಯಲ್ಲ, ಯಾರ ಸಹಾಯವೂ ಇಲ್ಲದೆ ಉತ್ತರ ಅವಳೇ ಹೇಳುತ್ತಾಳೆ.

ವಿದ್ಯುತ್ ಪಾಠದಲ್ಲಿ ಬಲ್ಬಿನ ಜಾಗಕ್ಕೆ ಬಜರ್ ಹಾಕಿ. ನೀರು ಅಳೆಯಲು ಸೂಜಿ ತೆಗೆದ ಸಿರಿಂಜಿನ ದಂಡಿಗೆ 5 ಮಿಲಿಗೆ ಒಂದರಂತೆ ಕಚ್ಚು ಮಾಡಿ. ಚಿತ್ರಗಳಿಗೆ ರಟ್ಟು, ಗೋಂದು, ದಾರ ಸಾಕು. ಆದರೆ ಪುಸ್ತಕದ ಚಿತ್ರವನ್ನು ಇದ್ದ ಹಾಗೇ ಇಳಿಸಬೇಡಿ, ಗೆರೆ ಜಾಸ್ತಿಯಾದರೆ ಬೆರಳಿಗೆ ಗೊಂದಲ. ಒಂದು ರಟ್ಟಿಗೆ ಒಂದೇ ಸಂಗತಿ ಇರಲಿ.

ಆ ಹುಡುಗನ ವಿಷಯ. ಜೂನ್, ಜುಲೈಯಲ್ಲಿ ನಮ್ಮ ಕೊಡಗಿನ ಮಳೆ ಶೀಟಿನ ಮಾಡಿಗೆ ಬಡಿಯುವಾಗ ಯಾರಿಗೂ ಪಾಠ ಕೇಳುವುದಿಲ್ಲ, ಅವನ ಶ್ರವಣ ಸಾಧನವಂತೂ ಮಳೆಯ ಸದ್ದನ್ನೂ ದೊಡ್ಡದು ಮಾಡಿ ಕಿವಿಗೆ ತುಂಬುತ್ತದೆ. ಆ ತಿಂಗಳುಗಳಲ್ಲಿ ಹೊಸ ಪದಗಳನ್ನೂ ಪ್ರಯೋಗದ ಹಂತಗಳನ್ನೂ ಮೊದಲೇ ಬೋರ್ಡಿನಲ್ಲಿ ಬರೆದಿಡಿ. ಬೋರ್ಡಿಗೆ ಮುಖ ಮಾಡಿಕೊಂಡು ಮಾತಾಡಬೇಡಿ, ನಿಮ್ಮ ತುಟಿ ಅವನಿಗೆ ಕಾಣಬೇಕು.

ಇದೆಲ್ಲ ನೀವೊಬ್ಬರೇ ಹೊರಬೇಕಾದ ಭಾರವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಇಂಥ ಮಕ್ಕಳಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡುವುದು ಶಾಲೆಯ ಕರ್ತವ್ಯ. ಬಿಆರ್‌ಸಿಯಲ್ಲಿ, ಅಂದರೆ ನಿಮ್ಮ ಬ್ಲಾಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳ ಕಲಿಕೆಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ, ಬ್ರೈಲ್ ಪುಸ್ತಕಕ್ಕೆ ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಬರವಣಿಗೆಯಲ್ಲೇ ಅರ್ಜಿ ಕೊಡಿ.

ಸ್ಪಿರಿಟ್ ದೀಪದ ಹತ್ತಿರ ಅವಳನ್ನು ಬಿಡಲು ಭಯ ಅಂದಿದ್ದೀರಿ. ಭಯ ಸಹಜ. ಮನೆಯಲ್ಲಿ ಒಲೆ ಹತ್ತಿರ ಏನೇನು ಮಾಡುತ್ತಾಳೆ ಅಂತ ಮೊದಲು ಅವಳನ್ನೇ ಕೇಳಿ. ದೀಪ ಹಚ್ಚುವ ಮುಂಚೆ ಮೇಜಿನ ಮೇಲಿನ ಎಲ್ಲವನ್ನೂ ಮುಟ್ಟಿಸಿ, ಪ್ರತಿ ಸಲವೂ ಅವು ಅದೇ ಜಾಗದಲ್ಲಿರಲಿ. ಬಿಸಿ ಪಾತ್ರೆಗೆ ಒಂದು ತಟ್ಟೆ ಬೇರೆಯೇ ಇಡಿ, ಜಡೆ ಕಟ್ಟಿರಲಿ. ಉರಿ ಇರುವಷ್ಟು ಹೊತ್ತು ನೀವು ಪಕ್ಕದಲ್ಲೇ ಇರಿ, ಆದರೆ ಕೆಲಸ ಅವಳೇ ಮಾಡಲಿ.

— ಸಂಪಾದಕ