ಜಿಪಿಎಸ್ ಸಮಯ ಸರಿಯಿದ್ದರೂ ಬರ್ಸ್ಟ್‌ಗಳು ಡಿಕ್ಕಿ ಹೊಡೆಯುವುದೇಕೆ: ಕ್ಯೂಓ-100 ಪ್ರಯೋಗದ ಬಗ್ಗೆ

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾದಷ್ಟು ಹೀಗಿದೆ. ಬೆಂಗಳೂರು, ಮಂಗಳೂರು, ಮಸ್ಕತ್ ಮೂರು ಹ್ಯಾಮ್ ರೇಡಿಯೋ ಸ್ಟೇಷನ್‌ಗಳು ಹವ್ಯಾಸಿಗಳು ಬಳಸುವ ಭೂಸ್ಥಿರ ಉಪಗ್ರಹ ಕ್ಯೂಓ-100ರ ನ್ಯಾರೋಬ್ಯಾಂಡ್ ಟ್ರಾನ್ಸ್‌ಪಾಂಡರ್‌ನಲ್ಲಿ (ಮೇಲೆ ಬಂದ ಸಿಗ್ನಲ್ಲನ್ನು ಬೇರೆ ಫ್ರೀಕ್ವೆನ್ಸಿಯಲ್ಲಿ ಕೆಳಗೆ ಮರಳಿಸುವ ಉಪಕರಣ) ಒಂದೇ ಫ್ರೀಕ್ವೆನ್ಸಿಯನ್ನು ಸರದಿಯಂತೆ ಬಳಸುತ್ತಿವೆ. ವೇಗ 1200 ಬಾಡ್ (ಇಲ್ಲಿ ಸೆಕೆಂಡಿಗೆ 1200 ಬಿಟ್), ಒಬ್ಬೊಬ್ಬರ ಬರ್ಸ್ಟ್‌ಗೆ, ಅಂದರೆ ಒಂದು ಸಲಕ್ಕೆ ಕಳಿಸುವ ಸಿಗ್ನಲ್ ತುಣುಕಿಗೆ, ಒಂದು ಸೆಕೆಂಡ್, ನಡುವೆ 20 ಮಿಲಿಸೆಕೆಂಡ್ (ಮಿ.ಸೆ.) ಬಿಡುವು. ಮೂವರ ಹತ್ತಿರವೂ ಜಿಪಿಎಸ್ ಇದೆ. ಆದರೂ ಮಂಗಳೂರಿನ ಬರ್ಸ್ಟ್ ಮುಗಿಯುವ ಮೊದಲೇ ಮಸ್ಕತ್‌ನದು ಶುರುವಾಗಿ, ಸುಮಾರು 65 ಮಿ.ಸೆ. ಒಂದರ ಮೇಲೊಂದು ಬೀಳುತ್ತಿದೆ. ಇನ್ನೂ ಒಳ್ಳೆಯ ಗಡಿಯಾರ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ, ಆ ದುಡ್ಡು ಉಳಿಸಿಕೊಳ್ಳಿ.

ಮೂವರೂ ಒಂದೇ ಕ್ಷಣಕ್ಕೆ ಕಳಿಸಿದರೂ ಮೂರು ಸಿಗ್ನಲ್ ಉಪಗ್ರಹಕ್ಕೆ ಒಂದೇ ಕ್ಷಣಕ್ಕೆ ತಲುಪುವುದಿಲ್ಲ. ಸಮಯ ಸೇರಬೇಕಾದದ್ದು ನಮ್ಮ ಮೇಜಿನ ಮೇಲಲ್ಲ, ಮೇಲೆ ಟ್ರಾನ್ಸ್‌ಪಾಂಡರ್‌ನ ಬಾಗಿಲಲ್ಲಿ. ಉಪಗ್ರಹ ಇರುವುದು 25.9 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಅಂದರೆ ನಮಗೆ ಪಶ್ಚಿಮಕ್ಕೆ ಬಾಗಿ ಆಫ್ರಿಕಾದ ನೆತ್ತಿಯಲ್ಲಿ. ಲೆಕ್ಕ ಹಾಕಿ ನೋಡಿದೆ: ಬೆಂಗಳೂರಿನಿಂದ ಸುಮಾರು 38,650 ಕಿ.ಮೀ., ಮಂಗಳೂರಿನಿಂದ 38,400, ಮಸ್ಕತ್‌ನಿಂದ 37,460. ಬೆಳಕಿನ ವೇಗಕ್ಕೆ ಭಾಗಿಸಿದರೆ ಮೇಲೆ ಹೋಗಲು ಬೇಕಾಗುವ ಸಮಯ ಕ್ರಮವಾಗಿ 128.9, 128.1 ಮತ್ತು 124.9 ಮಿ.ಸೆ. ಮಸ್ಕತ್ ಸಿಗ್ನಲ್ ಬೆಂಗಳೂರಿನದಕ್ಕಿಂತ 4 ಮಿ.ಸೆ. ಮೊದಲೇ ತಲುಪುತ್ತದೆ. 1200 ಬಾಡ್‌ನಲ್ಲಿ ಒಂದು ಬಿಟ್ 0.83 ಮಿ.ಸೆ. ಆದ್ದರಿಂದ ಅದು ಹೆಚ್ಚುಕಡಿಮೆ ಐದು ಬಿಟ್.

ಈಗ ನಿಮ್ಮ ಅಂಕಿಗೆ ಬನ್ನಿ. ಮಂಗಳೂರಿಗೂ ಮಸ್ಕತ್‌ಗೂ ದೂರದಿಂದ ಬರುವ ವ್ಯತ್ಯಾಸ ಬರೀ 3 ಮಿ.ಸೆ. ನೀವು ಬಿಟ್ಟ 20 ಮಿ.ಸೆ. ಬಿಡುವನ್ನೂ ನುಂಗಿ ಅದರ ಮೇಲೆ 65 ಬಿದ್ದಿದೆ ಎಂದರೆ ಒಟ್ಟು ತಪ್ಪು 85 ಮಿ.ಸೆ. ಅದರಲ್ಲಿ ಆಕಾಶದ ಪಾಲು ಮೂರು, ಉಳಿದ 82 ನಮ್ಮ ಮನೆಗಳ ಒಳಗೇ ಹುಟ್ಟಿದ್ದು. ಕಂಪ್ಯೂಟರ್‌ನ ಆಡಿಯೋ ಬಫರ್ (ಧ್ವನಿ ಹೊರಹೋಗುವ ಮೊದಲು ಸರದಿ ಕಾಯುವ ಜಾಗ), ಪಿಟಿಟಿ (ಟ್ರಾನ್ಸ್‌ಮಿಟರ್ ಹಚ್ಚುವ ಸ್ವಿಚ್) ರಿಲೇ, ಎಸ್‌ಡಿಆರ್ (ಸಾಫ್ಟ್‌ವೇರ್ ರೇಡಿಯೋ) ಒಳಗಿನ ಫಿಲ್ಟರ್, ಯುಎಸ್‌ಬಿ, ಎಲ್ಲ ಒಂದೊಂದು ತುತ್ತು ತಿನ್ನುತ್ತವೆ. ಜಿಪಿಎಸ್ ಕೂಡ ಯುಎಸ್‌ಬಿಯಲ್ಲಿ ಕೊಡುವ ಸಮಯದ ಸಾಲನ್ನು ಸೆಕೆಂಡ್ ಬದಲಾದ ಮೇಲೆ, ಕೆಲವೊಮ್ಮೆ ನೂರಾರು ಮಿ.ಸೆ. ತಡವಾಗಿ ಕಳಿಸುತ್ತದೆ. ನಿಖರವಾದ ಕ್ಷಣ ಇರುವುದು ಅದು ಬೇರೆ ತಂತಿಯಲ್ಲಿ ಸೆಕೆಂಡಿಗೊಮ್ಮೆ ಕೊಡುವ ಪಿಪಿಎಸ್ ಪಲ್ಸ್‌ನಲ್ಲಿ. ಆ ತಂತಿಯನ್ನು ನೀವು ಜೋಡಿಸಿದ್ದೀರಾ? ಬರೆದಿಲ್ಲ.

ನಾನೂ ಮೊದಲ ಸಲ ಪ್ರೋಗ್ರಾಂನಲ್ಲಿ ಕೈಯಾರೆ ಒಂದು ವಿಳಂಬದ ಸಂಖ್ಯೆ ಹಾಕಿ ಸರಿಮಾಡಿಕೊಂಡಿದ್ದೆ. ಆ ಸಂಜೆಯೆಲ್ಲಾ ಚೆನ್ನಾಗಿ ನಡೆಯಿತು. ಮರುದಿನ ಲ್ಯಾಪ್‌ಟಾಪ್ ಹಚ್ಚಿದರೆ ಮತ್ತೆ ಡಿಕ್ಕಿ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಆಡಿಯೋ ಸ್ಟ್ರೀಮ್ ತೆರೆದಾಗಲೆಲ್ಲ ಬಫರ್ ಬೇರೆ ಬೇರೆ ಮಟ್ಟದಲ್ಲಿ ಕೂರುತ್ತದೆ. ಆದ್ದರಿಂದ ಬರ್ಸ್ಟ್‌ಗೊಮ್ಮೆ ಸ್ಟ್ರೀಮ್ ತೆರೆದು ಮುಚ್ಚಬೇಡಿ. ಒಮ್ಮೆ ತೆರೆದು ಮೌನವನ್ನೇ ಕಳಿಸುತ್ತಿರಿ, ನಿಮ್ಮ ಸರದಿ ಬಂದಾಗ ಆಡಿಯೋದ ಇಂತಿಷ್ಟನೇ ಸ್ಯಾಂಪಲ್‌ನಿಂದ ಬರ್ಸ್ಟ್ ಅಂತ ಲೆಕ್ಕ ಹಾಕಿ ಅದರೊಳಗೇ ಇಡಿ. ಪಿಟಿಟಿಯನ್ನು ಮಾತ್ರ 30 ಮಿ.ಸೆ. ಮೊದಲೇ ಒತ್ತಿ.

ಇನ್ನು ಮುಖ್ಯ ಉಪಾಯ. ಕ್ಯೂಓ-100ರಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ಕಳಿಸುತ್ತಾ 10.489ರಲ್ಲಿ ನಮ್ಮ ಸಿಗ್ನಲ್ಲನ್ನೇ ನಾವು ಕೇಳಬಹುದು. ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಿಲ್ಲ! ಮೂವರಲ್ಲಿ ಒಬ್ಬರನ್ನು ಮೇಟಿ ಮಾಡಿ, ಉಳಿದವರು ಅವರಿಗೆ ಸಮಯ ಹೊಂದಿಸಿಕೊಳ್ಳಲಿ, ಬೆಂಗಳೂರೇ ಇರಲಿ. ಪ್ರತಿ ಫ್ರೇಮ್ (ಎಲ್ಲರ ಸರದಿಯ ಒಂದು ಸುತ್ತು) ಶುರುವಿಗೆ ಅವರ ಬರ್ಸ್ಟ್, ಅದರ ತಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಬಿಟ್ ಸಾಲು. ಉಳಿದವರ ಬರ್ಸ್ಟ್‌ನ ತಲೆಯಲ್ಲೂ ಅಂಥದೇ ಗುರುತು. ಮಸ್ಕತ್‌ನವರು ತಮ್ಮ ರಿಸೀವರ್‌ನಲ್ಲಿ ಬೆಂಗಳೂರಿನ ಗುರುತು ಬಂದ ಸ್ಯಾಂಪಲ್ ಮತ್ತು ತಮ್ಮದೇ ಗುರುತು ಬಂದ ಸ್ಯಾಂಪಲ್ ಎರಡನ್ನೂ ಬರೆದುಕೊಳ್ಳಲಿ. ಅವರದು ಮೂರನೇ ಸ್ಲಾಟ್ (ಸರದಿಯ ಜಾಗ) ಆದ್ದರಿಂದ ಅಂತರ ಸರಿಯಾಗಿ 2.04 ಸೆಕೆಂಡ್ ಇರಬೇಕು. 1.98 ಬಂದರೆ 60 ಮಿ.ಸೆ. ಬೇಗ ಕಳಿಸುತ್ತಿದ್ದಾರೆ ಎಂದರ್ಥ. ಮಂಗಳೂರಿನವರೂ ತಮ್ಮ 1.02 ಸೆಕೆಂಡನ್ನು ಹೀಗೇ ನೋಡಿಕೊಳ್ಳಲಿ. ಇಬ್ಬರಲ್ಲಿ ತಪ್ಪು ಯಾರದು ಎನ್ನುವುದು ಪರದೆಯ ಮೇಲೆ ಹರಿಯುವ ಸಿಗ್ನಲ್ ಚಿತ್ರ, ಅಂದರೆ ವಾಟರ್‌ಫಾಲ್ ನೋಡಿದರೆ ತಿಳಿಯುವುದಿಲ್ಲ, ಈ ಅಳತೆಯಿಂದ ತಿಳಿಯುತ್ತದೆ.

ಇದರ ಚೆಲುವು ನೋಡಿ. ಎರಡೂ ಬರ್ಸ್ಟ್ ಕೆಳಗೆ ಬರುವುದು ಒಂದೇ ದಾರಿಯಲ್ಲಿ, ಹಾದುಹೋಗುವುದು ಡಿಶ್‌ನ ಒಂದೇ ಎಲ್‌ಎನ್‌ಬಿ, ಒಂದೇ ರಿಸೀವರ್, ಒಂದೇ ಬಫರ್. ಹಾಗಾಗಿ ಕೆಳಗಿಳಿಯುವ ಸಮಯ, ರಿಸೀವರ್ ತಿನ್ನುವ ಸಮಯ ಎರಡೂ ಕಳೆದು ಸೊನ್ನೆಯಾಗುತ್ತವೆ. ಉಳಿಯುವುದು ಕಳಿಸುವ ಬದಿಯ ತಪ್ಪು ಮಾತ್ರ, ಅದನ್ನೇ ನಾವು ತಿದ್ದಬೇಕಿರುವುದು. ಜಿಪಿಎಸ್ ಇಲ್ಲದೆಯೂ ಇದು ನಡೆಯುತ್ತದೆ. 1980ರ ದಶಕದ ಇಂಟೆಲ್‌ಸ್ಯಾಟ್ ಉಪಗ್ರಹಗಳ ಟಿಡಿಎಂಎಯಲ್ಲಿ (ಹೀಗೇ ಸರದಿಯಂತೆ ಸಮಯ ಹಂಚಿಕೊಳ್ಳುವ ಪದ್ಧತಿ) 2 ಮಿ.ಸೆ. ಫ್ರೇಮ್, ಸೆಕೆಂಡಿಗೆ 120 ಮೆಗಾಬಿಟ್ ಇತ್ತು. ಅಲ್ಲೂ ರೆಫರೆನ್ಸ್ ಬರ್ಸ್ಟ್ ಮತ್ತು ಗುರುತಿನ ಪದ ಇದೇ ಕೆಲಸ ಮಾಡುತ್ತಿದ್ದವು. ತನ್ನ ಸಿಗ್ನಲ್ ತನಗೇ ಕೇಳದ ಜಾಲಗಳಲ್ಲಿ ಬೇರೆ ಸ್ಟೇಷನ್ ಅಳೆದು ‘ನೀನು ಇಷ್ಟು ತಡ’ ಎಂದು ಹೇಳಿಕಳಿಸುತ್ತದೆ. ವಿಸ್ಯಾಟ್ (ಚಿಕ್ಕ ಡಿಶ್‌ಗಳ ಉಪಗ್ರಹ ಜಾಲ) ಹಬ್‌ಗಳು ಇಂದಿಗೂ ಹಾಗೇ ಮಾಡುತ್ತವೆ.

ತಿದ್ದುವಾಗ ಆತುರ ಬೇಡ. ಒಮ್ಮೆ ಮಾಡಿದ ತಿದ್ದುಪಡಿಯ ಫಲ ಕಿವಿಗೆ ಬೀಳಲು ಕಾಲು ಸೆಕೆಂಡ್ ಮತ್ತು ನಿಮ್ಮ ಡಿಕೋಡರ್‌ನ ಸಮಯ ಬೇಕು. ಅದು ಕೇಳಿಸುವ ಮೊದಲೇ ಮತ್ತೆ ತಿದ್ದಿದರೆ ಬರ್ಸ್ಟ್ ಉಯ್ಯಾಲೆಯಂತೆ ಆ ಕಡೆ ಈ ಕಡೆ ತೂಗುತ್ತದೆ. ಮೊದಲ ಸಲ ಪೂರ್ತಿ ತಪ್ಪನ್ನು ತಿದ್ದಿ, ಆಮೇಲೆ ಫ್ರೇಮಿಗೊಮ್ಮೆ ಉಳಿದ ತಪ್ಪಿನ ಕಾಲುಭಾಗ ಸಾಕು. ನಿಲ್ಲಿಸಲೂ ಬೇಡಿ: 50 ಪಿಪಿಎಂ (ಹತ್ತು ಲಕ್ಷಕ್ಕೆ 50) ತಪ್ಪಿರುವ ಸೌಂಡ್ ಕಾರ್ಡ್ ಕ್ರಿಸ್ಟಲ್ (ಅದರ ಗಡಿಯಾರ) ನಿಮಿಷಕ್ಕೆ 3 ಮಿ.ಸೆ. ಜಾರುತ್ತದೆ. ಉಪಗ್ರಹ ತನ್ನ ಜಾಗದಲ್ಲೇ ದಿನವಿಡೀ ಅಲುಗಾಡುವುದು ಇದಕ್ಕೆ ಹೋಲಿಸಿದರೆ ಲೆಕ್ಕಕ್ಕಿಲ್ಲ, 30 ಕಿ.ಮೀ. ಸರಿದರೂ 0.1 ಮಿ.ಸೆ.

ಹೊಸದಾಗಿ ಸೇರುವವರು ನೇರವಾಗಿ ತಮ್ಮ ಸ್ಲಾಟ್‌ಗೆ ನುಗ್ಗಬಾರದು. ಫ್ರೇಮನ್ನು 3.06ರಿಂದ 5 ಸೆಕೆಂಡಿಗೆ ಹಿಗ್ಗಿಸಿ ಉಳಿದ ಜಾಗ ಖಾಲಿ ಇಡಿ. ಬಂದವರು ಅದರ ನಡುಮಧ್ಯಕ್ಕೆ ಗುರಿಯಿಟ್ಟು 0.2 ಸೆಕೆಂಡಿನ ಚಿಕ್ಕ ಬರ್ಸ್ಟ್ ಕಳಿಸಿ, ಅಳೆದು, ತಿದ್ದಿಕೊಂಡು ಒಳಬರಲಿ. ಅರ್ಧ ಸೆಕೆಂಡಿಗಿಂತ ಹೆಚ್ಚು ತಪ್ಪಿದರೂ ಯಾರಿಗೂ ತೊಂದರೆಯಿಲ್ಲ. ಪವರ್ ಬೀಕನ್ (ಟ್ರಾನ್ಸ್‌ಪಾಂಡರ್‌ನಲ್ಲಿ ಸದಾ ಕೇಳಿಸುವ ಅಳತೆಗೋಲಿನ ಸಿಗ್ನಲ್) ಮಟ್ಟ ದಾಟದಿರಲಿ, ಅಗಲ 2.7 ಕಿಲೋಹರ್ಟ್ಸ್ ಮೀರದಿರಲಿ. ಅದು ಎಲ್ಲರ ಉಪಗ್ರಹ.

ಕೆಳಗೆ ಇನ್ನೊಬ್ಬರು ಇದನ್ನೇ ಕೆಳಕಕ್ಷೆಯ ಉಪಗ್ರಹಕ್ಕೆ ಮಾಡಬಹುದಾ ಅಂತ ಕೇಳಿದ್ದಾರೆ. ಅಲ್ಲಿ ದೂರವೇ ಓಡುತ್ತಿರುತ್ತದೆ. 500 ಕಿ.ಮೀ. ಎತ್ತರದ್ದು ದಿಗಂತದ ಹತ್ತಿರ ಇರುವಾಗ ಸೆಕೆಂಡಿಗೆ ಸುಮಾರು 7 ಕಿ.ಮೀ. ಬದಲಾಗುತ್ತದೆ, ಅಂದರೆ ಸೆಕೆಂಡಿಗೆ 23 ಮೈಕ್ರೋಸೆಕೆಂಡ್. ಅಲ್ಲಿ ಬರೀ ಕೇಳಿ ತಿದ್ದುವುದರ ಜೊತೆಗೆ ಕಕ್ಷೆಯ ಲೆಕ್ಕವನ್ನೂ ಮೊದಲೇ ಹಾಕಬೇಕು. ಮೊಬೈಲ್ ಜಾಲದ ಮಾನದಂಡ ರೂಪಿಸುವ 3ಜಿಪಿಪಿ ಕೂಟ ತನ್ನ ರಿಲೀಸ್ 17ರಲ್ಲಿ ಉಪಗ್ರಹ ಫೋನ್‌ಗೆ ಆರಿಸಿದ್ದೂ ಇದೇ ದಾರಿ: ಕಕ್ಷೆಯ ವಿವರ ಮೇಲಿನಿಂದ ಬರುತ್ತದೆ, ಫೋನ್ ತನ್ನ ಜಾಗ ತಿಳಿದು ಎಷ್ಟು ಮೊದಲು ಕಳಿಸಬೇಕೆಂದು ತಾನೇ ಲೆಕ್ಕ ಹಾಕುತ್ತದೆ. ಅದರ ಬಗ್ಗೆ ಬೇರೆ ಪೋಸ್ಟ್ ಹಾಕಿ, ವಿವರವಾಗಿ ಮಾತಾಡೋಣ.

ಸದ್ಯಕ್ಕೆ ಮಂಗಳೂರು, ಮಸ್ಕತ್ ಇಬ್ಬರೂ ಏನನ್ನೂ ತಿದ್ದದೆ 20 ಫ್ರೇಮ್‌ಗಳ ಅಂತರ ಅಳೆದು ಇಲ್ಲಿ ಹಾಕಿ. ಅಂಕಿ ಒಂದೇ ಕಡೆ ನಿಂತಿದ್ದರೆ ಬಫರ್‌ನಂಥ ಬದಲಾಗದ ವಿಳಂಬ ಕಾರಣ, ನಿಧಾನವಾಗಿ ಜಾರುತ್ತಿದ್ದರೆ ಕ್ರಿಸ್ಟಲ್, ಪ್ರತಿ ಫ್ರೇಮಿಗೂ ಮನಬಂದಂತೆ ಕುಣಿಯುತ್ತಿದ್ದರೆ ಬರ್ಸ್ಟ್‌ಗೊಮ್ಮೆ ಸ್ಟ್ರೀಮ್ ತೆರೆಯುತ್ತಿದ್ದೀರಾ ಎಂದೂ ಆ ಪಿಪಿಎಸ್ ತಂತಿಯನ್ನೂ ಮೊದಲು ನೋಡಬೇಕು. 73 (ಹ್ಯಾಮ್‌ಗಳ ಶುಭಾಶಯ).