ಹೊಸ ಆಪ್ಷನ್ ಸೇರಿಸಬಹುದಾ?

ಪ್ರಶ್ನೆ: ಫೈಲುಗಳ ಹೆಸರು ಬದಲಿಸುವ ಒಂದು ಓಪನ್ ಸೋರ್ಸ್ ಕಮಾಂಡ್‌ಲೈನ್ ಟೂಲ್ ಬಳಸುತ್ತೇನೆ. ಬದಲಿಸುವ ಮೊದಲೇ ಏನಾಗುತ್ತದೆ ಅಂತ ತೋರಿಸುವ ಆಪ್ಷನ್ ಅದರಲ್ಲಿಲ್ಲ. ನಾನೇ ಬರೆದು ಕಳಿಸಬಹುದಾ ಸಾರ್?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಖಂಡಿತ ಕಳಿಸಿ. ಆದರೆ ಕೋಡ್ ಬರೆಯುವ ಮೊದಲು ಟೂಲ್ ನೋಡಿಕೊಳ್ಳುವವರನ್ನು ಒಂದು ಮಾತು ಕೇಳಿ. ಸೇರಿಸಿದ ಆಪ್ಷನ್ ಆಮೇಲೆ ತೆಗೆದರೆ ಅದನ್ನು ನಂಬಿದವರ ಸ್ಕ್ರಿಪ್ಟುಗಳೆಲ್ಲ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲುಗಳು) ಕೆಡುತ್ತವೆ, ಹಾಗಾಗಿ ಅವರು ಯೋಚಿಸಿಯೇ ಒಪ್ಪುತ್ತಾರೆ. ಇಂಟರ್ನೆಟ್‌ನಿಂದ ಫೈಲು ತರುವ ಕರ್ಲ್ ಅನ್ನೋ ಟೂಲ್‌ನಲ್ಲಂತೂ ಈಗಾಗಲೇ 250ಕ್ಕೂ ಜಾಸ್ತಿ ಆಪ್ಷನ್‌ಗಳಿವೆ. ಎರಡು ಹೈಫನ್ ಹಾಕಿ 'ಡ್ರೈ-ರನ್' (--dry-run, ಅಂದರೆ ಏನೂ ಬದಲಿಸದೆ ಬರೀ ತೋರಿಸುವುದು) ಅಂತಲೇ ಹೆಸರಿಡಿ, ಗಿಟ್, ಆರ್‌ಸಿಂಕ್ ಥರದ ಟೂಲ್ ಬಳಸಿದವರಿಗೆ ಅದು ಪರಿಚಯ. '-n' ಥರದ ಒಂದಕ್ಷರದ ಹೆಸರನ್ನು ಸುಮ್ನೆ ಖರ್ಚು ಮಾಡಬೇಡಿ, ಇಂಗ್ಲಿಷಿನಲ್ಲಿ ದೊಡ್ಡವು ಸಣ್ಣವು ಸೇರಿ ಇರುವುದೇ 52 ಅಕ್ಷರ ಅಲ್ವಾ. ಆಪ್ಷನ್ ಕೊಡದಿದ್ದರೆ ಟೂಲ್ ಮೊದಲಿನ ಹಾಗೆಯೇ ನಡೆಯಬೇಕು. ಟೆಸ್ಟ್ ಬರೆಯಿರಿ. ಹೆಲ್ಪ್‌ನಲ್ಲಿ, ಮ್ಯಾನ್ ಪುಟದಲ್ಲಿ (ಟೂಲ್‌ನ ಕೈಪಿಡಿ) ಒಂದೊಂದು ಸಾಲು ಸೇರಿಸಿ, ಅದನ್ನೇ ತುಂಬಾ ಜನ ಮರೆಯುತ್ತಾರೆ.