ಪೆಡಲ್ ಮೊದಲು, ಯೋಕ್ ಆಮೇಲೆ

ಮಣಿಪಾಲದ ಬಾಡಿಗೆ ರೂಮಿನಲ್ಲಿ ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಪುಟ್ಟ ವಿಮಾನ ಸೆಸ್ನಾ 172 ಹಾರಿಸೋಕೆ ದುಬಾರಿ ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಮೊದಲೋ, ರಡರ್ ಪೆಡಲ್ (ವಿಮಾನದ ಮೂತಿಯನ್ನು ಎಡ-ಬಲ ತಿರುಗಿಸುವ ಕಾಲಿನ ಪೆಡಲ್) ಮೊದಲೋ ಅಂತ ಕೇಳಿದ್ದೀರಿ. ಪೆಡಲ್ ಮೊದಲು ಮಾರಾಯ್ರೇ.

ಸಿಮ್ಯುಲೇಟರ್‌ನಲ್ಲಿ ಅಡ್ಡಗಾಳಿ ಹಾಕಿ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಸಿ ನೋಡಿ. ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ ಅದು. ನೆಲ ಮುಟ್ಟುವ ಹೊತ್ತಿಗೆ ಮೂತಿಯನ್ನು ರನ್‌ವೇಗೆ ನೇರ ಮಾಡುವುದು ಕಾಲಿನ ಕೆಲಸ. ಜಾಯ್‌ಸ್ಟಿಕ್ ತಿರುಚಿ ಆ ಹದ ಬರುವುದಿಲ್ಲ.

ಪೆಡಲ್ ಎಷ್ಟು ಸರಿಯಿತು ಅಂತ ಅಳೆಯುವ ಸೆನ್ಸರ್ ಯಾವುದು ಅಂತ ಮೊದಲು ನೋಡಿ. ಅಗ್ಗದ ಪೆಡಲ್‌ಗಳಲ್ಲಿ ಪೊಟೆನ್ಶಿಯೋಮೀಟರ್ ಇರುತ್ತದೆ. ಒಳಗೆ ಉಜ್ಜಿಕೊಂಡೇ ಕೆಲಸ ಮಾಡುವುದರಿಂದ ಸವೆಯುತ್ತದೆ, ಕೊಳೆ ಸೇರಿದರೆ ಸಿಗ್ನಲ್ ಜಿಗಿಯುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿ, ತೇವ ಬೇರೆ! ಥ್ರಸ್ಟ್‌ಮಾಸ್ಟರ್ ಟಿಪಿಆರ್ ಪೆಡಲ್‌ನಲ್ಲಿ ಹಾಲ್ ಸೆನ್ಸರ್ ಇದೆ, ಮುಟ್ಟದೆ ಅಯಸ್ಕಾಂತದಿಂದಲೇ ಅಳೆಯುತ್ತದೆ. ಕ್ರೊಯೇಷಿಯಾದ ಎಂಎಫ್‌ಜಿ ಕ್ರಾಸ್‌ವಿಂಡ್ ಪೆಡಲ್ ಕೂಡ ಒಳ್ಳೆಯದು. ಆದರೆ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಟೈಲ್ಸ್ ನೆಲವಾದರೆ ಪೆಡಲ್ ಜಾರುತ್ತದೆ, ಕೆಳಗೆ ಒಂದು ಪ್ಲೈವುಡ್ ಹಲಗೆ ಇಟ್ಟು ಅದಕ್ಕೆ ಸ್ಕ್ರೂ ಹಾಕಿಬಿಡಿ.

ಯೋಕ್‌ಗೆ ಹನಿಕೋಂಬ್ ಆಲ್ಫಾ ಸಾಕು. ಒಟ್ಟು 180 ಡಿಗ್ರಿ ತಿರುಗುತ್ತದೆ, ಲಾಜಿಟೆಕ್‌ನದ್ದು 90 ಅಷ್ಟೇ. ಕೊಳ್ಳುವ ಮುಂಚೆ ಮೇಜಿನ ಹಲಗೆಯ ದಪ್ಪ ಅಳೆದುಕೊಳ್ಳಿ, ಕ್ಲಾಂಪ್ ಕೂರಬೇಕಲ್ವಾ.

ಸ್ವಿಸ್ ಕಂಪನಿ ಬ್ರುನ್ನರ್‌ನ ಫೋರ್ಸ್ ಫೀಡ್‌ಬ್ಯಾಕ್ (ಮೋಟಾರಿನಿಂದ ಕೈಗೆ ಭಾರ ಕೊಡುವ) ಯೋಕ್ ಬೇರೆಯೇ ಮಟ್ಟ. ಟ್ರಿಮ್ ಮಾಡಿದಂತೆ, ಅಂದರೆ ಯೋಕ್ ಎಳೆದು ಹಿಡಿಯಬೇಕಾಗದಂತೆ ವಿಮಾನವನ್ನು ಹೊಂದಿಸಿದಂತೆ, ಕೈಗೆ ಬರುವ ಭಾರ ನಿಜವಾಗಿ ಇಳಿಯುತ್ತದೆ. ಸ್ಪ್ರಿಂಗ್ ಯೋಕ್‌ನಲ್ಲಿ ಅದು ಸಿಗದು. ಬೆಲೆ ಮಾತ್ರ ಕೇಳಬೇಡಿ!

ಮುಂದೆ ಏರ್‌ಬಸ್‌ನ ಪ್ರಯಾಣಿಕ ವಿಮಾನ ಎ320 ಹಾರಿಸುವ ಆಸೆ ಇದ್ದರೆ ಯೋಕ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಅದರಲ್ಲಿರುವುದು ಸೈಡ್‌ಸ್ಟಿಕ್, ಅಂದರೆ ಪಕ್ಕದಲ್ಲಿರುವ ಜಾಯ್‌ಸ್ಟಿಕ್‌ನಂಥ ಹಿಡಿ.